ಬಲಗಡೆಯ ಐದು ಚಕ್ರಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ಕಟ್ಟಲು ಬರುವುದಿಲ್ಲ. ಕಟ್ಟುವಷ್ಟು ತ್ರಾಣವೂ ಉಳಿದಿರುವುದಿಲ್ಲ. ಬೆಳಗ್ಗೆಯಿಂದ ನಟ್ಟು ಬೋಲ್ಟು ತಿರುಗಿಸಿ ಮನೆಗೆ ಬಂದು, ಅನ್ನಕ್ಕಿಟ್ಟು ಗೋಡೆಗೊರಗಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಥವಳು ನಿಮ್ಮನ್ನು ಹೆದರಿಸಲಿಕ್ಕೆಂದು ಸುಳ್ಳು ಹೊಸೆಯುತ್ತಾ ಕೂರುತ್ತೇನೆಯೇ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಗಂಡನೇ ನಂಬಿಲ್ಲ, ಇನ್ನು ನಿಮ್ಮ ಮೇಲೇನು ಸಿಟ್ಟು?

ನನ್ನ ಹೆಸರು ಶೈಲಜಾ. ಬೆಂಗಳೂರಿನ ಪೀಣ್ಯದಲ್ಲಿ ಅಪ್ಪನ ಲೇತ್ ಅಂಗಡಿಯಿತ್ತು, ಗ್ರೀಸಿನ ವಾಸನೆಯಲ್ಲೇ ಬೆಳೆದವಳು ನಾನು. ಮೆಕ್ಯಾನಿಕಲ್ ಓದಿ, ಮದುವೆಯಾಗಿ, ಗಂಡ ಗಿರೀಶನಿಗೆ ನೋಮಿಯಲ್ಲಿ ಸಂಶೋಧನೆಯ ಕೆಲಸ ಸಿಕ್ಕಿದಾಗ ಮಗಳನ್ನು ಎತ್ತಿಕೊಂಡು ಜಪಾನಿಗೆ ಬಂದೆ. ಇದೇ ದೇಶದಲ್ಲಿ ನಮ್ಮವರು ತುಂಬಿಕೊಂಡಿರುವ ಗ್ಯೋಟೋಕುವಿನ ನನ್ನ ಗೆಳತಿಯರಿಗೆ ದೋಸೆ ಹಿಟ್ಟು, ಗಣೇಶನ ಹಬ್ಬ, ಕನ್ನಡದ ಹರಟೆ ಎಲ್ಲವೂ ಸಿಗುತ್ತದೆ. ನೋಮಿಯಲ್ಲಿ ನನಗೆ ಸಿಕ್ಕಿದ್ದು ನಾಲ್ಕು ಗೋಡೆ, ಮತ್ತೆ ಹಿಮ. ತಲೆ ಕೆಡುವ ಮೊದಲು ಒಂದು ಕೆಲಸ ಹುಡುಕಿಕೊಂಡೆ. ಬೆಟ್ಟದ ಬುಡದ ಹಳ್ಳಿಯಲ್ಲಿ, ಹಿಮ ತೆಗೆಯುವ ಗಾಡಿಗಳನ್ನು ರಿಪೇರಿ ಮಾಡುವ ಚಿಕ್ಕ ಗ್ಯಾರೇಜು ಅದು.

"ಅಷ್ಟು ದೂರ ಹೋಗಿಯೂ ಗ್ಯಾರೇಜೇನಾ ನಿಂಗೆ?" ಎಂದು ಅಮ್ಮ ಫೋನಿನಲ್ಲಿ ಹಣೆ ಚಚ್ಚಿಕೊಂಡಿದ್ದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತ ನೀನೇ ಅಲ್ವೇನಮ್ಮಾ ಹೇಳ್ತಿದ್ದಿದ್ದು?" ಎಂದಿದ್ದೆ. ಆಗ ನಗುವ ಶಕ್ತಿ ಇನ್ನೂ ಇತ್ತು.

ಗ್ಯಾರೇಜಿನಲ್ಲಿ ನಾವು ಮೂವರೇ. ಯಜಮಾನರು, ಮೊರಿತಾ ಸಾನ್, ನಾನು. ಸಾನ್ ಎಂದರೆ ನಮ್ಮಲ್ಲಿ ಹೆಸರಿಗೆ 'ಅವರೇ' ಸೇರಿಸಿದ ಹಾಗೆ. ಮೊರಿತಾ ಸಾನ್ ಅರವತ್ತು ದಾಟಿದವರು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂಥ ಮನುಷ್ಯ. 'ಲ' ಅವರ ನಾಲಿಗೆಗೆ ಬಾರದು, ಹಾಗಾಗಿ ಅಲ್ಲಿ ನಾನು ಶೈರಾ ಸಾನ್.

ನಮ್ಮ ಶೆಡ್ಡಿನಲ್ಲಿ ಒಂದು ಮುದಿ ಗಾಡಿಯಿದೆ, ನನಗಿಂತ ವಯಸ್ಸಾದದ್ದು. ಕಿತ್ತಳೆ ಬಣ್ಣದ ಡಬ್ಬದಂಥ ಮೈ, ಕೆಳಗೆ ಎರಡೂ ಪಕ್ಕಕ್ಕೆ ಯುದ್ಧದ ಟ್ಯಾಂಕಿಗಿರುವಂಥ ಅಗಲವಾದ ರಬ್ಬರ್ ಪಟ್ಟಿ, ಪಟ್ಟಿಯೊಳಗೆ ಉರುಳಲು ಪಕ್ಕಕ್ಕೆ ಐದೈದು ಚಕ್ರ. ಆಳೆತ್ತರದ ಹಿಮದ ಮೇಲೂ ಮುಳುಗದೆ ಹತ್ತುತ್ತದೆ. ಬೆಟ್ಟದ ಮೇಲೆ ಬಿಸಿನೀರಿನ ಬುಗ್ಗೆಯ ಪಕ್ಕ ಒಂದು ವಸತಿಗೃಹವಿದೆ. ರಸ್ತೆ ಮುಚ್ಚಿಹೋದರೆ ಅಲ್ಲಿಗೆ ಅಕ್ಕಿ, ಸೀಮೆಎಣ್ಣೆ ಒಯ್ಯುವುದು ಈ ಗಾಡಿಯೇ.

ಆ ವಾರ ಚಕ್ರಗಳ ರಬ್ಬರು ಬಿರುಕು ಬಿಟ್ಟಿತ್ತೆಂದು ಎರಡೂ ಪಕ್ಕದ ಪಟ್ಟಿ ಬಿಚ್ಚಿ, ಹಳೆಯ ಚಕ್ರಗಳನ್ನೆಲ್ಲ ತೆಗೆದುಹಾಕಿದ್ದೆವು. ಹೊಸವು ಬಂದು ಎರಡೂ ಗೋಡೆಗೆ ಒರಗಿದ್ದವು. ಗಾಡಿ ಜಾಕುಗಳ ಮೇಲೆ, ಮರದ ದಿಮ್ಮಿಗಳ ಮೇಲೆ, ಕಾಲಿಲ್ಲದೆ ಕೂತಿತ್ತು.

ಅದೇ ವಾರವೇ ಗಿರೀಶನ ಲ್ಯಾಬಿನವರು ಆ ವಸತಿಗೃಹಕ್ಕೆ ಪ್ರವಾಸ ಹೋಗಬೇಕೇ! ಏಳು ವರ್ಷದ ಇಂಚರಾ ಹಿಮದಲ್ಲಿ ಆಡುತ್ತೇನೆಂದು ಅಪ್ಪನ ಬೆನ್ನು ಹತ್ತಿದಳು. ನನಗೆ ರಜೆ ಸಿಗಲಿಲ್ಲ. ಮಗುವಿಗೆ ಉಬ್ಬಸವಿದೆ, ಇನ್ಹೇಲರ್ ಚೀಲದಲ್ಲಿಟ್ಟೇ ಕಳಿಸಿದ್ದೆ. ಹೋದ ಮಾರನೆಯ ದಿನ ಹಿಮ ಬೀಳಲು ಶುರುವಾಯಿತು… ನಿಲ್ಲಲೇ ಇಲ್ಲ. ಬೆಟ್ಟದ ಮೈಯಿಂದ ಹಿಮದ ರಾಶಿ ಕುಸಿದು ರಸ್ತೆ ಮುಚ್ಚಿಹೋಯಿತು.

ಸಂಜೆ ಗಿರೀಶನ ಫೋನ್ ಬಂತು.

"ಶೈಲೂ, ಗಾಬರಿ ಆಗ್ಬೇಡ… ಇಂಚುಗೆ ಉಬ್ಬಸ ಜಾಸ್ತಿ ಆಗಿದೆ. ಇಲ್ಲಿ ಕರೆಂಟಿಲ್ಲ, ಹೀಟರ್ ಇಲ್ಲ. ಇನ್ಹೇಲರ್ ಇನ್ನೊಂದೆರಡು ಸಲಕ್ಕೆ ಬರತ್ತೆ ಅಷ್ಟೆ."

"ಸ್ಪೇರ್ ತಗೊಂಡ್ ಹೋಗೋ ಅಂತ ಬಡ್ಕೊಂಡ್ನಲ್ಲೋ!" ಬಾಯಿಗೆ ಮೊದಲು ಬಂದದ್ದು ಬೈಗುಳ.

ಅವನ ಹಿಂದಿನಿಂದ ಮಗಳ ಉಸಿರು ಕೇಳಿಸುತ್ತಿತ್ತು. ಸುಂಯ್… ಸುಂಯ್…

ಆ ಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಊರಿನಲ್ಲಿದ್ದ ಇಂಥದ್ದೇ ಹೊಸ ಗಾಡಿ ಪಕ್ಕದ ಕಣಿವೆಯಲ್ಲಿ ಸಿಕ್ಕಿಕೊಂಡವರನ್ನು ಇಳಿಸುತ್ತಿತ್ತು. ನಮ್ಮ ಯಜಮಾನರು ಹಿಮ ತಳ್ಳುವ ಗಾಡಿ ತೆಗೆದುಕೊಂಡು ಹೆದ್ದಾರಿಗೆ ಹೋಗಿದ್ದರು. ಉಳಿದದ್ದು ಈ ಮುದಿ ಗಾಡಿ. ಬೆಳಗಾಗುವುದರೊಳಗೆ ಇದಕ್ಕೆ ಚಕ್ರ ಹಾಕಿ ನಿಲ್ಲಿಸಿದರೆ ಮೇಲೆ ಹೋಗಬಹುದು, ಆಂಬುಲೆನ್ಸ್ ಕೆಳಗೆ ಕಾಯುತ್ತದೆ ಎಂದಾಯಿತು.

ಮೊರಿತಾ ಸಾನ್ ಮನೆಯಿಂದ ಫೋನ್ ಮಾಡಿದರು. "ಶೈರಾ ಸಾನ್, ನೀವು ಎಡಗಡೆ ಶುರು ಮಾಡಿ. ನಾನು ಬಂದು ಬಲಗಡೆ ನೋಡ್ತೀನಿ."

ಅಷ್ಟೇ. ಇಟ್ಟುಬಿಟ್ಟರು.

ಆ ಶೆಡ್ಡು ಗಾಡಿಯ ಅಳತೆಗೇ ಹೊಲಿಸಿದ ಅಂಗಿಯ ಹಾಗಿದೆ. ಗಾಡಿ ನಡುವೆ ನಿಂತರೆ ಆ ಪಕ್ಕ ಒಬ್ಬರು, ಈ ಪಕ್ಕ ಒಬ್ಬರು ಕೂತು ಕೆಲಸ ಮಾಡುವಷ್ಟೇ ಜಾಗ. ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು. ಗಾಡಿ ಜಾಕಿನ ಮೇಲಿರುವಾಗ ಈ ಪಕ್ಕದವರು ಆ ಪಕ್ಕಕ್ಕೆ ಕಾಲಿಡಬಾರದು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಒಬ್ಬರ ಕೈ ಚಕ್ರದ ಹಿಂದಿರುವಾಗ ಇನ್ನೊಬ್ಬರು ಗಾಡಿಯನ್ನು ಅಲುಗಿಸಿಬಿಟ್ಟರೆ ಕೈ ಹೋದಂತೆಯೇ. ಏನಿದ್ದರೂ ಕೂಗಿ ಹೇಳಬೇಕು.

ಎರಡೂ ಪಕ್ಕದ ಟ್ಯೂಬ್‌ಲೈಟ್ ಹಾಕಿ, ಸೀಮೆಎಣ್ಣೆ ಒಲೆ ಹಚ್ಚಿ, ನಾನು ಎಡಗಡೆ ಕೂತೆ. ಯಾವಾಗಲೂ ನನ್ನ ಬ್ಯಾಗಿನಲ್ಲಿರುವ ಸ್ಪೇರ್ ಇನ್ಹೇಲರನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡಿದ್ದೆ. ಬಗ್ಗಿದಾಗಲೆಲ್ಲ ಅದು ಎದೆಗೆ ಒತ್ತುತ್ತಿತ್ತು.

ಒಂದೊಂದು ಚಕ್ರವೂ ಅಕ್ಕಿ ಮೂಟೆಯಷ್ಟು ಭಾರ. ತಬ್ಬಿ ಎತ್ತಿ, ಮೊಣಕಾಲ ಮೇಲಿಟ್ಟುಕೊಂಡು, ಬೋಲ್ಟುಗಳಿಗೆ ತೂತು ಕೂಡಿಸಿ ಒಳಕ್ಕೆ ನೂಕಬೇಕು. ಆಮೇಲೆ ನಟ್ಟು. ಈ ಹಳೆಯ ಗಾಡಿಗಳದ್ದು ಒಂದು ವಕ್ರಬುದ್ಧಿ ಬೇರೆ. ಬಲಗಡೆಯ ನಟ್ಟುಗಳು ಎಲ್ಲ ನಟ್ಟುಗಳ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತವೆ, ಎಡಗಡೆಯವು ಎಡಕ್ಕೆ ತಿರುಗಿಸಿದರೆ. ಚಕ್ರ ಉರುಳುವ ರಭಸಕ್ಕೆ ಬಿಚ್ಚಿಕೊಳ್ಳದಿರಲಿ ಎಂದು ಹಿಂದಿನವರು ಮಾಡಿಟ್ಟದ್ದು. ಕೈಗೆ ಅಭ್ಯಾಸವಿದ್ದರೂ ಪ್ರತಿ ನಟ್ಟಿಗೂ ಒಮ್ಮೆ ನಿಂತು, ಉಲ್ಟಾ, ಉಲ್ಟಾ, ಎಂದು ನನಗೆ ನಾನೇ ಹೇಳಿಕೊಳ್ಳಬೇಕು.

ಮೊದಲನೆಯ ಚಕ್ರ ಕೂರಿಸುವ ಹೊತ್ತಿಗೆ ಆಚೆ ಪಕ್ಕದಿಂದ ಸದ್ದು ಬಂತು. ಚಕ್ರವೊಂದನ್ನು ಗೋಡೆಯಿಂದ ಉರುಳಿಸಿಕೊಂಡು ಬಂದ ಸದ್ದು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಸವರಿದ ಸದ್ದು.

"ಮೊರಿತಾ ಸಾನ್, ಬಂದ್ರಾ? ಸುಮಿಮಾಸೆನ್, ಕ್ಷಮಿಸಿ, ಈ ಹಿಮದಲ್ಲಿ ನಿಮಗೂ ತೊಂದರೆ…"

ಟಿಂಗ್ ಎಂದು ಸುತ್ತಿಗೆಯ ಒಂದು ಏಟು ಮಾತ್ರ. ಅವರ ಅಭ್ಯಾಸವೇ ಅದು, ಹೂಂ ಎನ್ನುವ ಬದಲು ಕೈಯಲ್ಲಿರುವುದರಿಂದ ಕುಟ್ಟುವುದು. ಸದ್ಯ ಬಂದರಲ್ಲ ಎಂದು ನನಗೆ ಅಳುವೇ ಬಂದಿತು. ಕಣ್ಣೊರೆಸಿಕೊಂಡು ಎರಡನೆಯ ಚಕ್ರ ಎತ್ತಿದೆ.

ಹಾಗೇ ಎಷ್ಟು ಹೊತ್ತು ಕಳೆಯಿತೋ. ಗಾಳಿ ತಗಡಿನ ಸೂರನ್ನು ಕಿತ್ತುಹಾಕುತ್ತೇನೆಂದು ಹಟ ಹಿಡಿದಿತ್ತು. ಹೊಸ ರಬ್ಬರಿನ ವಾಸನೆ, ಸೀಮೆಎಣ್ಣೆಯ ವಾಸನೆ, ನನ್ನದೇ ಬೆವರಿನ ವಾಸನೆ. ಗಾಡಿಯ ಹೊಟ್ಟೆಯ ಕೆಳಗೆ, ದಿಮ್ಮಿಗಳ ಸಂದಿಯಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಅದರಲ್ಲಿ ಒಂದು ನೆರಳು ಬಗ್ಗುತ್ತಿತ್ತು, ಏಳುತ್ತಿತ್ತು. ನಾನು ಚಕ್ರ ಎತ್ತಿದಾಗ ಅದೂ ಎತ್ತುತ್ತಿತ್ತು. ನಾನು ದಣಿದು ಕೂತಾಗ ಅದೂ ಕೂರುತ್ತಿತ್ತು. ಪಾಪ, ವಯಸ್ಸಾದವರು, ಅವರಿಗೂ ಸುಸ್ತು ಎಂದುಕೊಂಡೆ.

ಮತ್ತೆ ಫೋನ್ ಬಂತು. ಕೈ ತುಂಬ ಗ್ರೀಸ್, ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ.

"ಎಲ್ಲಿವರೆಗೆ ಬಂತು ಶೈಲೂ?"

"ಮಾಡ್ತಿದೀನಿ ಕಣೋ, ಮಾಡ್ತಾನೇ ಇದೀನಿ. ಅವಳು ಹೇಗಿದಾಳೆ?"

"ಮಾತಾಡ್ತೀಯಾ? ಇಂಚು, ಅಮ್ಮ ನೋಡು…"

ಮಾತು ಬರಲಿಲ್ಲ. ಬರೀ ಉಸಿರು. ಸುಂಯ್… ನಡುವೆ ನಿಲ್ಲುವುದು… ಮತ್ತೆ ಸುಂಯ್… ಕೊನೆಗೆ ತುಂಬ ಚಿಕ್ಕದಾಗಿ, "ಅಮ್ಮಾ, ಹಯಾಕು ಬಾ." ಬೇಗ ಬಾ ಎಂದು.

ಆಗ ಒಂದನ್ನು ಗಮನಿಸಿದೆ. ಆಚೆ ಪಕ್ಕದ ಸದ್ದು ನಿಂತುಹೋಗಿತ್ತು. ನೆರಳು ಅಲ್ಲಾಡದೆ ಕೂತಿತ್ತು. ಯಾರೋ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದ ಹಾಗೆ.

ಫೋನ್ ಕಟ್ಟಾಯಿತು. ಕಟ್ಟಾದ ಮರುಕ್ಷಣ ಆಚೆ ಕೆಲಸ ಶುರುವಾಯಿತು, ಮೊದಲಿಗಿಂತ ಎರಡರಷ್ಟು ಬಿರುಸಾಗಿ. ಚಕ್ರ ಉರುಳಿತು, ನಟ್ಟು ತಿರುಗಿತು, ಚಕ್ರ ಉರುಳಿತು. ನನಗೂ ಆವೇಶ ಬಂತು. ಒಳಗಿದ್ದುದೆಲ್ಲ ಹೊರಗೆ ಬಂತು, ಅದೂ ಕನ್ನಡದಲ್ಲಿ. "ಯಾವ ಗ್ರಹಚಾರಕ್ಕೆ ಬಂದ್ವೋ ಈ ದೇಶಕ್ಕೆ! ನನ್ನ ಮಗೂಗೆ ಏನಾದ್ರೂ ಆದ್ರೆ ನಾನು ಬದ್ಕಿರಲ್ಲ. ಕೇಳಿಸ್ತಾ? ಬದ್ಕಿರಲ್ಲ!" ಆಚೆಯಿಂದ ಟಿಂಗ್ ಎಂದಿತು. ಮೊರಿತಾ ಸಾನ್‌ಗೆ ಕನ್ನಡ ಒಂದಕ್ಷರ ಬರುವುದಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ.

ಐದೂ ಚಕ್ರ ಕೂರಿಸಿ, ದಿಮ್ಮಿ ತೆಗೆದು, ನನ್ನ ಕಡೆಯ ಜಾಕು ಇಳಿಸಿದೆ. "ಇಳಿಸ್ತಿದೀನಿ!" ಎಂದು ಕೂಗಿದ್ದೆ. ಗಾಡಿ ಎಡಕ್ಕೆ ವಾಲಿತು. ಆಮೇಲೆ ಬಲಗಡೆಯೂ ಮೆಲ್ಲಗೆ ಇಳಿದು, ಒಂದು ನಿಟ್ಟುಸಿರು ಬಿಟ್ಟ ಹಾಗೆ ಸಮನಾಗಿ ನಿಂತಿತು. ಚಕ್ರಗಳ ಕೆಳಗೆ ಹಾಸಿಟ್ಟಿದ್ದ ಪಟ್ಟಿಯ ಎರಡು ತುದಿಗಳನ್ನು ಚೈನಿನಿಂದ ಎಳೆದು ಕೂಡಿಸಿದೆ. ಆಚೆಯಿಂದಲೂ ಚೈನಿನ ಕರಕರ ಕೇಳುತ್ತಿತ್ತು.

ಉಳಿದದ್ದು ಕೊನೆಯ ಬಿಗಿತ. ಅದಕ್ಕೆ ಟಾರ್ಕ್ ರೆಂಚ್ ಇರುತ್ತದೆ, ಸಾಕಷ್ಟು ಬಲ ಬಿದ್ದಾಗ ಕಟ್ ಎಂದು ಸದ್ದು ಮಾಡುವ ಉದ್ದ ಹಿಡಿಯ ಸ್ಪ್ಯಾನರ್. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಮುಂದೆ ನಟ್ಟು ಸಡಿಲವಾದರೆ ಗೆರೆ ಮುರಿದು ತೋರಿಸುತ್ತದೆ. ಬಣ್ಣ ನೋಡಿದರೆ ಬಿಗಿದವರು ಯಾರೆಂದೂ ತಿಳಿಯುತ್ತದೆ. ಮೊರಿತಾ ಸಾನ್‌ದು ಹಳದಿ, ನನ್ನದು ಬಿಳಿ. ಗೆರೆಯ ತುದಿಗೆ ನಾನೊಂದು ಚುಕ್ಕಿಯನ್ನೂ ಇಡುತ್ತೇನೆ. ರಂಗೋಲಿ ಹಾಕಿದ ಕೈ, ಚುಕ್ಕಿ ಇಡದಿದ್ದರೆ ಸಮಾಧಾನವಿಲ್ಲ.

ಗೆರೆ ಎಳೆದ ಮೇಲೆ ಎದ್ದು ನಿಂತು, ಚಕ್ರದತ್ತ ಬೆರಳು ಚಾಚಿ, ಜೋರಾಗಿ ಹೇಳಬೇಕು. "ಎಡಗಡೆ ಒಂದು, ಯೋಶಿ!" ಯೋಶಿ ಎಂದರೆ ಸರಿಯಿದೆ ಎಂದು. ಆಚೆಯವರು "ಯೋಶ್" ಎಂದು ಒಪ್ಪಿಕೊಂಡರೆ ಮಾತ್ರ ಮುಂದಿನ ಚಕ್ರ. ಇಲ್ಲಿನ ರೈಲು ಡ್ರೈವರುಗಳೂ ಹೀಗೇ ಸಿಗ್ನಲ್ಲಿಗೆ ಬೆರಳು ತೋರಿಸಿ ಕೂಗುತ್ತಾರೆ. ಬಂದ ಹೊಸದರಲ್ಲಿ ಇದೆಂಥ ಮಕ್ಕಳಾಟ ಎಂದು ನಕ್ಕಿದ್ದೆ.

"ಎಡಗಡೆ ಒಂದು, ಯೋಶಿ!"

"ಯೋಶ್." ಆಚೆಯಿಂದ ತಗ್ಗಿದ ಸ್ವರ, ಶೀತವಾದವರ ಗಂಟಲಿನ ಹಾಗೆ.

"ಎಡಗಡೆ ಎರಡು, ಯೋಶಿ!"

"ಯೋಶ್."

ಮೂರನೆಯದನ್ನೂ ಬಿಗಿದೆ. ಕಟ್, ಕಟ್, ಕಟ್. ಗೆರೆ, ಚುಕ್ಕಿ. ಕಣ್ಣು ಮಂಜಾಗಿತ್ತು. "ಎಡಗಡೆ ಮೂರು, ಯೋಶಿ!"

ಉತ್ತರವಿಲ್ಲ.

"ಎಡಗಡೆ ಮೂರು! ಯೋಶಿ!"

ಇಲ್ಲ. ಗಾಳಿಯ ಸದ್ದೂ ಆ ಕ್ಷಣ ನಿಂತಂತಿತ್ತು. ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಿರುವುದು ನನಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸರಿ ಇದೆ ಅಂದ್ನಲ್ಲಾ! ಇನ್ನೆಷ್ಟು ಸಲ ಹೇಳ್ಬೇಕು?" ಕನ್ನಡದಲ್ಲೇ ಅರಚಿಬಿಟ್ಟೆ.

ತುಂಬ ಹೊತ್ತಿನ ಮೇಲೆ ಆಚೆಯಿಂದ ಒಂದೇ ಮಾತು ಬಂತು. "ಸರಿ ಇದೆಯಾ?"

ಕನ್ನಡದಲ್ಲಿ.

ದೇವರಾಣೆ, ಆಗ ನನಗೆ ವಿಚಿತ್ರವೆನಿಸಲಿಲ್ಲ. ದಣಿವು ಎಂದರೆ ಹಾಗಿರುತ್ತದೆ, ಎದುರಿಗೆ ಆನೆ ನಿಂತರೂ ಪಕ್ಕಕ್ಕೆ ಸರಿ ಎನ್ನುತ್ತೇವೆ. ಮೂರರ ಯೋಶ್‌ಗೆ ಕಾಯದೆ ನಾಲ್ಕು, ಐದು ಮುಗಿಸಿದೆ. ಎರಡಕ್ಕೂ ಯೋಶ್ ಬಂತು. ಆಮೇಲೆ ಆಚೆಯಿಂದ ಕಟ್ ಕಟ್ ಎಂದು ಕೇಳಿಬಂದು, ಆ ಸ್ವರ ತನ್ನ ಸರದಿ ಹೇಳತೊಡಗಿತು. ಬಲಗಡೆ ಒಂದು. ನಾನು ಯೋಶ್ ಎಂದೆ. ಎರಡು. ಯೋಶ್. ಕೊನೆಗೆ, "ಬಲಗಡೆ ಐದು… ಯೋಶಿ!"

ನಾನು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದೆ, ಎಡಗಡೆಯ ಬಾಗಿಲು ಕಿರ್ರೆಂದು ತೆರೆಯಿತು.

ಹಿಮದಲ್ಲಿ ಅದ್ದಿ ತೆಗೆದ ಹಾಗೆ ಒಬ್ಬರು ಒಳಗೆ ಬಂದರು. ಹುಬ್ಬು, ಮೀಸೆ ಎಲ್ಲ ಬಿಳಿ. ಬೆನ್ನಿಗೆ ಸಾಮಾನಿನ ಚೀಲ. ಸೊಂಟ ಮುರಿಯುವಷ್ಟು ಬಗ್ಗಿ ನಿಂತರು.

"ಶೈರಾ ಸಾನ್, ದಯವಿಟ್ಟು ಕ್ಷಮಿಸಿ. ನನ್ನ ಕಾರು ಹಳ್ಳಕ್ಕೆ ಜಾರಿತು. ಸಿಗ್ನಲ್ ಇರಲಿಲ್ಲ. ನಡೆದು ಬಂದೆ… ತುಂಬ ತಡವಾಯಿತು."

ಮೊರಿತಾ ಸಾನ್.

ಅವರು ತಲೆಯೆತ್ತಿ, ಗಾಡಿಯ ಆಚೆ ನೋಡಿ, ಮೆಲ್ಲಗೆ ಕೇಳಿದರು. "ಈಗ ಯೋಶಿ ಅಂದವರು ಯಾರು? ಯಾರಿದ್ದಾರೆ ನಿಮ್ಮ ಜೊತೆ?"

ಗೊತ್ತಿಲ್ಲವೆಂದು ತಲೆಯಾಡಿಸಿದೆ, ಅಷ್ಟೇ.

ಇಬ್ಬರೂ ಗಾಡಿಯ ಮುಂದಿನಿಂದ ಬಲಗಡೆಗೆ ಹೋದೆವು. ಒಬ್ಬರ ತೋಳು ಒಬ್ಬರು ಹಿಡಿದುಕೊಂಡಿದ್ದೆವು, ನಾಚಿಕೆಯಿಲ್ಲದೆ ಹೇಳುತ್ತೇನೆ. ಯಾರೂ ಇರಲಿಲ್ಲ. ಬಲಗಡೆಯ ಬಾಗಿಲಿಗೆ ಹೊರಗಿನಿಂದ ಹಿಮ ಎದೆಯೆತ್ತರ ಒತ್ತಿಕೊಂಡಿತ್ತು. ಮೊರಿತಾ ಸಾನ್ ಭುಜ ಕೊಟ್ಟು ನೂಕಿದರೂ ಅದು ಅಲ್ಲಾಡಲಿಲ್ಲ.

ಗೋಡೆಗೊರಗಿದ್ದ ಐದು ಚಕ್ರಗಳು ಅಲ್ಲಿರಲಿಲ್ಲ. ಗಾಡಿಯಲ್ಲಿದ್ದವು. ಪಟ್ಟಿ ಕೂಡಿತ್ತು. ಒಂದೊಂದು ನಟ್ಟಿನ ಮೇಲೂ ಬಿಳಿಯ ಗೆರೆ… ಗೆರೆಯ ತುದಿಗೊಂದು ಚುಕ್ಕಿ.

ಮೊರಿತಾ ಸಾನ್ ಬಗ್ಗಿ ನೋಡಿದರು. ನನ್ನನ್ನು ನೋಡಿದರು. ನನ್ನ ಬಿಳಿ ಪೆನ್ನು ನನ್ನ ಜೇಬಿನಲ್ಲೇ ಇತ್ತು. ಶೆಡ್ಡಿನ ಟಾರ್ಕ್ ರೆಂಚ್ ಎಡಗಡೆ ನಾನು ಇಟ್ಟಲ್ಲೇ ಬಿದ್ದಿತ್ತು, ಅವರದ್ದು ಅವರ ಬೆನ್ನಿನ ಚೀಲದಲ್ಲಿತ್ತು. ಇನ್ನೊಂದು ಇಲ್ಲವೇ ಇಲ್ಲ. ಹಾಗಾದರೆ ಇಷ್ಟು ಹೊತ್ತು ಆಚೆಯಿಂದ ಕೇಳಿದ ಕಟ್ ಕಟ್ ಸದ್ದು ಯಾವುದರದ್ದು?

ಅವರು ಚಿಕ್ಕ ಸುತ್ತಿಗೆ ತೆಗೆದು ಬಲಗಡೆಯ ನಟ್ಟುಗಳನ್ನು ಒಂದೊಂದಾಗಿ ತಟ್ಟಿದರು. ಬಿಗಿಯಾದ ನಟ್ಟು ಗಂಟೆಯ ಹಾಗೆ ನುಡಿಯುತ್ತದೆ, ಸಡಿಲವಾದದ್ದು ಮಂಕಾಗಿ ಧಡ್ ಎನ್ನುತ್ತದೆ. ಎಲ್ಲವೂ ನುಡಿದವು. ಆಗ ನಾನು ತೊದಲುತ್ತಾ ಹೇಳಿದೆ, ಎಡಗಡೆ ಮೂರಕ್ಕೆ ಅದು ಒಪ್ಪಲಿಲ್ಲ ಎಂದು. ಅವರು ಸೀದಾ ಅಲ್ಲಿಗೆ ಹೋಗಿ ತಟ್ಟಿದರು.

ಧಡ್. ಧಡ್. ಧಡ್.

ಆ ಚಕ್ರದ ನಟ್ಟುಗಳನ್ನು ನಾನು ಕೊನೆಯಲ್ಲಿ ಬಲಕ್ಕೆ ಎಳೆದಿದ್ದೆ. ಕಟ್ ಎಂದದ್ದು ಬಿಗಿಯುವ ಸದ್ದಲ್ಲ, ಬಿಚ್ಚಿಕೊಂಡ ಸದ್ದು. ಅದರ ಮೇಲೆ ಗೆರೆ ಎಳೆದು ಚುಕ್ಕಿ ಇಟ್ಟು ಸರಿ ಇದೆ ಎಂದು ಅರಚಿದ್ದೆ. ಇಳಿಜಾರಿನಲ್ಲಿ, ಮಗಳು ಒಳಗೆ ಕೂತಿರುವಾಗ, ಅದು ಕಳಚಿಕೊಂಡಿದ್ದರೆ… ನಾನು ಅಲ್ಲೇ ಕೂತು ಒಂದು ನಟ್ಟಿಗೆ ಬೆರಳಿಟ್ಟೆ, ಬೆರಳಿಗೇ ತಿರುಗಿತು. ಮೊರಿತಾ ಸಾನ್ ಆ ನಟ್ಟುಗಳನ್ನು ಎಡಕ್ಕೆ ಬಿಗಿದು, ನನ್ನ ಬಿಳಿ ಗೆರೆಗಳನ್ನು ಒರೆಸಿ, ಹಳದಿ ಎಳೆದರು.

ಆಮೇಲೆ ಬಲಗಡೆಗೆ ತಿರುಗಿ, "ಇವನ್ನೆಲ್ಲ ಬಿಚ್ಚಿ ಮತ್ತೆ ಹಾಕಬೇಕು," ಎಂದರು.

"ಅಷ್ಟು ಹೊತ್ತಿಲ್ಲ ಮೊರಿತಾ ಸಾನ್."

"ಗೊತ್ತು. ಆದರೆ ಯಾರ ಕೈ ಕೆಲಸ ಅಂತ ಗೊತ್ತಿಲ್ಲದೆ ನಾನು ಗಾಡಿ ತೆಗೆಯಲಾರೆ. ಇದು ನಂದು ಅಂತ ಒಬ್ಬರು ಹೇಳಬೇಕು. ಒಳಗೆ ಕೂರುವುದು ಮನುಷ್ಯರು."

ಅದೂ ನಮ್ಮ ಗ್ಯಾರೇಜಿನ ನಿಯಮವೇ. ಬಿಗಿದವರು ಬಾಯಿ ಬಿಟ್ಟು, ನಾನು ಮಾಡಿದ್ದು, ಎನ್ನಬೇಕು. ಹೇಳುವವರಿಲ್ಲದ ಗಾಡಿ ಹೊರಗೆ ಹೋಗುವುದಿಲ್ಲ. ಅವರು ತಪ್ಪು ಹೇಳುತ್ತಿರಲಿಲ್ಲ.

ಫೋನು ನಡುಗಿತು. ಗಿರೀಶನ ಮೆಸೇಜ್. ಇನ್ಹೇಲರ್ ಮುಗೀತು. ಅಷ್ಟೇ ಇತ್ತು.

ನಾನು ಎದ್ದು ನಿಂತೆ. ಬಲಗಡೆಯ ಚಕ್ರಗಳತ್ತ ಬೆರಳು ಚಾಚಿದೆ.

"ನಾನು ಮಾಡಿದ್ದು," ಎಂದೆ. "ಎರಡೂ ಪಕ್ಕ ನಾನೇ ಮಾಡಿದ್ದು."

ಮೊರಿತಾ ಸಾನ್ ನನ್ನ ಮುಖವನ್ನೇ ನೋಡಿದರು. ಅವರ ಕಿವಿಗೆ ಆ ಸ್ವರ ಬಿದ್ದಿತ್ತು. ನಾನು ಹೇಳುತ್ತಿರುವುದು ಸುಳ್ಳೆಂದು ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತೆಂದು ನನಗೂ ಗೊತ್ತಿತ್ತು. ಕೊನೆಗೆ ಅವರು ಒಮ್ಮೆ ತಲೆಬಾಗಿಸಿ, ಗಾಡಿ ಹತ್ತಿ ಎಂಜಿನ್ ಶುರು ಮಾಡಿದರು.

ದಾರಿಯುದ್ದಕ್ಕೂ ಆಂಬುಲೆನ್ಸಿನವರಲ್ಲಿ ಒಬ್ಬರು ಆಮ್ಲಜನಕದ ಸಿಲಿಂಡರ್ ತಬ್ಬಿಕೊಂಡು ಪಕ್ಕದಲ್ಲಿ ಕೂತಿದ್ದರು. ನನ್ನ ಕಿವಿಯೆಲ್ಲ ಕೆಳಗಿನ ಚಕ್ರಗಳ ಮೇಲಿತ್ತು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಕುಸಿಯಲು ಕಾದ ಹಿಮ. ಗಾಡಿ ವಾಲಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ನನ್ನ ಮಗಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇನೆ, ಯಾವುದರ ಕೈಗೆ… ಎಂದು ಒಂದೇ ಯೋಚನೆ. ಆದರೂ ನಿಲ್ಲಿಸಿ ಎನ್ನಲಿಲ್ಲ.

ಮೇಲೆ ತಲುಪಿದಾಗ ಇಂಚರಾಳ ತುಟಿ ನೀಲಿಗಟ್ಟಿತ್ತು. ಇನ್ಹೇಲರ್ ಬಾಯಿಗಿಟ್ಟೆ, ಸಿಲಿಂಡರಿನ ಮಾಸ್ಕ್ ಹಾಕಿದರು. ಇಳಿಯುವಾಗ ಅವಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಅರ್ಧ ದಾರಿಯಲ್ಲಿ ಸುಂಯ್ ಎನ್ನುವುದು ಕಡಿಮೆಯಾಯಿತು. ಗಿರೀಶ ನನ್ನ ಭುಜಕ್ಕೆ ತಲೆಯಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತ. ನನಗೆ ಅಳಲೂ ತ್ರಾಣವಿರಲಿಲ್ಲ.

ಮಗಳು ಉಳಿದಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು.

ಆಮೇಲೆ ಹೊಗಳಿಕೆಯ ಸುರಿಮಳೆ. ಇಬ್ಬರ ಕೆಲಸವನ್ನು ಒಬ್ಬಳೇ ಒಂದು ರಾತ್ರಿಯಲ್ಲಿ ಮಾಡಿದ ತಾಯಿ ಎಂದು ಊರಿನವರು ಸೇಬಿನ ಬುಟ್ಟಿ ತಂದುಕೊಟ್ಟರು. ಗಿರೀಶನಿಗೆ ನಿಜ ಹೇಳಿದೆ. ಅವನು ತಲೆ ಸವರಿ, "ನೀನೇ ಮಾಡಿರ್ತೀಯ ಕಣೇ. ಅಷ್ಟು ಸುಸ್ತಾದಾಗ ಮೈಂಡ್ ಏನೇನೋ ಆಟ ಆಡತ್ತೆ. ನೆನಪಿಲ್ಲ ಅಷ್ಟೇ," ಎಂದ. ನಾನೂ ಹಾಗೇ ನಂಬಿಬಿಡುತ್ತಿದ್ದೆನೇನೋ. ಆದರೆ ಮೊರಿತಾ ಸಾನ್ ಕೇಳಿಸಿಕೊಂಡಿದ್ದರಲ್ಲ?

ಒಂದು ದಿನ ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಮೊರಿತಾ ಸಾನ್, ಅವತ್ತು ನಿಮಗೂ ಕೇಳಿಸಿತು ಅಲ್ವಾ?"

ಅವರು ಚಹಾದ ಲೋಟ ಕೆಳಗಿಟ್ಟರು. "ನೀವೇ ಮಾಡಿದ್ದು ಅಂತ ಹೇಳಿದಿರಿ, ಶೈರಾ ಸಾನ್."

"ಹೇಳಿದೆ. ಆದರೆ…"

"ಬೆರಳು ತೋರಿಸಿ ಹೇಳಿದಿರಿ," ಎಂದರು. "ಹೇಳಿದ ಮೇಲೆ ಅದು ನಿಮ್ಮದೇ."

ಲೋಟ ಎತ್ತಿಕೊಂಡು ಹೊರಗೆ ಹೋದರು. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ನಾನು ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಬಿಡುವ ಹಾಗಿಲ್ಲ. ಒಬ್ಬಳೇ ಮಾತ್ರ ಶೆಡ್ಡಿಗೆ ಹೋಗುವುದಿಲ್ಲ.

ಮೊನ್ನೆ ರಾತ್ರಿ ಗಿರೀಶ ಲ್ಯಾಬಿನಲ್ಲಿದ್ದ. ದೀಪ ಆರಿಸಿ ಮಲಗಿದ್ದೆವು. ಇಂಚರಾ ನನ್ನ ಕಡೆಗೆ ಹೊರಳಿದಳು. ಮರುದಿನ ಶಾಲೆಯಲ್ಲಿ ಅವಳು ಅಮ್ಮನ ಬಗ್ಗೆ ಮಾತಾಡಬೇಕಿತ್ತಂತೆ.

"ಅಮ್ಮಾ, ಬೋತ್ ಸೈಡ್ಸ್ ನೀನೇನಾ ಮಾಡಿದ್ದು? ಒಬ್ಳೇ?"

ಕತ್ತಲಲ್ಲಿ ಅವಳ ಕಣ್ಣು ಹೊಳೆಯುತ್ತಿತ್ತು. ಇಲ್ಲ ಎಂದು ಹೇಳಿ ಯಾರೆಂದು ಹೇಳಲಿ?

"ಹೂಂ ಪುಟ್ಟಾ. ನಾನೇ."

"ಸುಗೋಯ್," ಎಂದು ಬೆರಗಿನಿಂದ ಹೇಳಿ, ನನ್ನ ತೋಳು ಹಿಡಿದುಕೊಂಡು ನಿದ್ದೆ ಹೋದಳು. ಉಸಿರು ಸಲೀಸಾಗಿ ಬರುತ್ತಿತ್ತು, ಹೋಗುತ್ತಿತ್ತು.

ನಾನು ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಆ ಕತ್ತಲಲ್ಲಿ ಯಾರಾದರೂ, ಅಲ್ಲ, ನೀನಲ್ಲ, ಎನ್ನುತ್ತಾರೇನೋ ಎಂದು ಬೆಳಗಿನವರೆಗೂ ಕಿವಿಗೊಟ್ಟಿದ್ದೆ. ಯಾರೂ ಅನ್ನಲಿಲ್ಲ.